ಲೈವ್ ವಿಡಿಯೊ: ಇನ್‌ಪುಟ್ ಮತ್ತು ಟೈಮ್‌ಕೋಡ್ ಹೊಂದಿಸುವ ಕ್ರಮ

ಕೊಪ್ಪಳದ ಜಾತ್ರೆ ಪ್ರವಚನ ಇರಲಿ, ರಾಯಚೂರಿನ ಮದುವೆ ಇರಲಿ, ಬಳ್ಳಾರಿ ಕಡೆಯ ಹಳ್ಳಿಯ ಬಯಲಾಟ ಇರಲಿ, ನಾಲ್ಕು ಕ್ಯಾಮೆರಾ ಕಟ್ಟಿ ಲೈವ್ ಕೊಡುವ ಹುಡುಗರು ಕೇಳುವುದು ಮೂರೇ ಪ್ರಶ್ನೆ. ಕ್ಯಾಮೆರಾವನ್ನು ಸ್ವಿಚರ್‌ಗೆ, ಅಂದರೆ ಯಾವ ಕ್ಯಾಮೆರಾ ಲೈವ್‌ಗೆ ಹೋಗಬೇಕೆಂದು ಆರಿಸುವ ಯಂತ್ರಕ್ಕೆ ಹಾಕಿದರೆ ಪರದೆ ಕಪ್ಪು ಯಾಕೆ? ಮಾತು ಮುಂದೆ, ತುಟಿ ಹಿಂದೆ ಯಾಕೆ? ಮರುದಿನ ಎಡಿಟಿಂಗ್‌ಗೆ ಕೂತರೆ ಫೈಲುಗಳು ಒಂದಕ್ಕೊಂದು ಹೊಂದುವುದಿಲ್ಲವಲ್ಲ, ಯಾಕೆ?

ಈ ಮೂರಕ್ಕೂ ಹೆಚ್ಚಿನವರು ಕೇಬಲ್ಲನ್ನೇ ಬೈಯುತ್ತಾರೆ. ತಪ್ಪು ಸಾಮಾನ್ಯವಾಗಿ ಕೇಬಲ್ ಎಳೆಯುವುದಕ್ಕಿಂತ ಮೊದಲೇ ಆಗಿರುತ್ತದೆ: ಯಾವ ಫ್ರೇಮ್ ರೇಟಿನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರದಂತೆ ಕೆಲಸ ಮಾಡುವುದೆಂದು ಯಾರೂ ತೀರ್ಮಾನಿಸಿರುವುದಿಲ್ಲ, ಗಡಿಯಾರವನ್ನು ಯಾರೂ ಹೊಂದಿಸಿರುವುದಿಲ್ಲ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಿಂದು ಮುಂದು ಮಾಡಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವ ಸೆಟಪ್ ಇದು: ನಾಲ್ಕು ಕ್ಯಾಮೆರಾ, ಒಂದು ಸ್ವಿಚರ್ ಅಥವಾ ವಿಮಿಕ್ಸ್, ಒಬಿಎಸ್‌ನಂಥ ಸಾಫ್ಟ್‌ವೇರ್ ಇರುವ ಕಂಪ್ಯೂಟರ್, ಮೈಕ್ ಸೆಟ್ಟಿನವರ ಮಿಕ್ಸರ್‌ನಿಂದ ಬರುವ ಒಂದು ಆಡಿಯೊ ಲೈನ್, ರೆಕಾರ್ಡಿಂಗಿಗೆ ಎಸ್‌ಎಸ್‌ಡಿ. ಮೆನುವಿನ ಹೆಸರು ಯಂತ್ರದಿಂದ ಯಂತ್ರಕ್ಕೆ ಬದಲಾದೀತು, ಕೆಲಸ ಬದಲಾಗುವುದಿಲ್ಲ.

1. ಮೊದಲು ಫ್ರೇಮ್ ರೇಟ್

ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ನಮ್ಮ ಲೆಕ್ಕ 25 ಅಥವಾ 50. ಎಲ್ಲ ಕ್ಯಾಮೆರಾ, ಸ್ವಿಚರ್, ಸಾಫ್ಟ್‌ವೇರ್ ಇದರಲ್ಲೇ ಇರಬೇಕು. ಕುಣಿತ, ತೇರು, ಕಬಡ್ಡಿಯಂಥ ಓಡಾಟ ಜಾಸ್ತಿ ಇದ್ದರೆ 1080ಪಿ50, ಅಂದರೆ 1080 ಗೆರೆಯ ಪೂರ್ತಿ ಚಿತ್ರ ಸೆಕೆಂಡಿಗೆ 50. ಪ್ರವಚನ, ಮದುವೆ ಮಂಟಪಕ್ಕೆ 1080ಪಿ25 ಸಾಕು.

ಕ್ಯಾಮೆರಾದಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂಬ ಆಯ್ಕೆ ಇರುತ್ತದೆ. ಪಾಲ್ ಎಂದರೆ 25 ಮತ್ತು 50ರ ಕುಟುಂಬ, ಎನ್‌ಟಿಎಸ್‌ಸಿ ಎಂದರೆ 29.97 ಮತ್ತು 59.94ರ ಕುಟುಂಬ. ಪಾಲ್ ಇಡಿ. ಕೆಲವು ಕ್ಯಾಮೆರಾಗಳಲ್ಲಿ ಇದನ್ನು ಬದಲಿಸಿದರೆ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಲೇಬೇಕಾಗುತ್ತದೆ. ಹಿಂದಿನ ದಿನದ ಮದುವೆ ಅದೇ ಕಾರ್ಡಿನಲ್ಲಿದ್ದರೆ ಮೊದಲು ಅದನ್ನು ಇಳಿಸಿಕೊಳ್ಳಿ.

1080ಐ50 ಎಂದು ಬರೆದಿರುವುದನ್ನು ಕಂಡು ಗೊಂದಲಪಡಬೇಡಿ. ಅಲ್ಲಿನ 50 ಫ್ರೇಮಲ್ಲ, ಫೀಲ್ಡ್. ಅಂದರೆ ಗೆರೆ ಬಿಟ್ಟು ಗೆರೆ ತೆಗೆದ ಅರ್ಧರ್ಧ ಚಿತ್ರ. ಎರಡು ಫೀಲ್ಡ್ ಸೇರಿದರೆ ಒಂದು ಫ್ರೇಮ್, ಒಟ್ಟು ಸೆಕೆಂಡಿಗೆ 25. ಕೆಲವು ಕಂಪನಿಯವರು ಇದನ್ನೇ 50ಐ ಎಂದೂ ಬರೆಯುತ್ತಾರೆ. ಇದು ಮೊಬೈಲ್ ಪರದೆಯಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಅಂಚು ಸೀಳಿಕೊಂಡು ಕಾಣುತ್ತದೆ. ಯೂಟ್ಯೂಬಿಗೆ ಕೊಡುವುದಾದರೆ ಐ ಬಿಟ್ಟು ಪಿ ಹಿಡಿಯುವುದು ಒಳ್ಳೆಯದು.

ಒಬಿಎಸ್ ಹೊಸದಾಗಿ ಹಾಕಿದಾಗ 30ರಲ್ಲಿರುತ್ತದೆ. ಸೆಟ್ಟಿಂಗ್ಸ್, ವಿಡಿಯೊದಲ್ಲಿ 25 ಪಾಲ್ ಅಥವಾ 50 ಪಾಲ್ ಆರಿಸಿ. 25ರ ಕ್ಯಾಮೆರಾವನ್ನು 30ರ ಸಾಫ್ಟ್‌ವೇರಿಗೆ ಕೊಟ್ಟರೆ ಸೆಕೆಂಡಿಗೆ ಐದು ಫ್ರೇಮ್ ಎರಡೆರಡು ಸಲ ತೋರುತ್ತವೆ. ಕ್ಯಾಮೆರಾ ನಿಂತಲ್ಲೇ ನಿಂತಿದ್ದರೆ ಗೊತ್ತಾಗುವುದಿಲ್ಲ, ತೇರಿನ ಜೊತೆ ಪ್ಯಾನ್ ಮಾಡಿದ ಕೂಡಲೇ ಚಿತ್ರ ಕುಂಟುತ್ತದೆ. ವಿಮಿಕ್ಸ್‌ನಲ್ಲಿ ಮಾಸ್ಟರ್ ಫ್ರೇಮ್ ರೇಟ್ ಎಂದಿರುವುದನ್ನು ಯಾವ ಇನ್‌ಪುಟ್ ಸೇರಿಸುವುದಕ್ಕೂ ಮೊದಲು ಹಾಕಿ.

ಶಟರ್ ವೇಗ 1/50 ಅಥವಾ 1/100. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/60ಕ್ಕೆ ಇಟ್ಟರೆ ಚಿತ್ರದ ಮೇಲೆ ಕಪ್ಪು ಪಟ್ಟಿ ಮೆಲ್ಲಗೆ ಹರಿಯುತ್ತಿರುತ್ತದೆ. ಡೆಕೋರೇಷನ್‌ನವರ ಸೀರಿಯಲ್ ಸೆಟ್ಟಿನಲ್ಲಿ ಇದು ಎದ್ದು ಕಾಣುತ್ತದೆ.

2. ಕೇಬಲ್ ಮತ್ತು ಕರೆಂಟು

ಎಚ್‌ಡಿಎಂಐ ಮಾಮೂಲಿ ಕೇಬಲ್ 10 ಮೀಟರ್ ಒಳಗಿದ್ದರೆ ನಂಬಬಹುದು. ಅದರಾಚೆಗೆ ಎಸ್‌ಡಿಐ. ಇದು ವೃತ್ತಿಪರ ಕ್ಯಾಮೆರಾಗಳ ತಿರುಗಿಸಿ ಬಿಗಿಯುವ ಬಿಎನ್‌ಸಿ ಕನೆಕ್ಟರಿನ ಲೈನು. ಕ್ಯಾಮೆರಾದಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ, ಕ್ಯಾಮೆರಾ ಪಕ್ಕದಲ್ಲೇ ಪುಟ್ಟ ಕನ್ವರ್ಟರ್ ಇಟ್ಟು ಅಲ್ಲಿಂದ ಎಸ್‌ಡಿಐ ಎಳೆಯಿರಿ.

ಎಸ್‌ಡಿಐನಲ್ಲಿ ಎರಡು ದರ್ಜೆ ಗೊತ್ತಿದ್ದರೆ ಸಾಕು. 1080ಪಿ25, 1080ಐ50ಕ್ಕೆ ಸೆಕೆಂಡಿಗೆ 1.485 ಗಿಗಾಬಿಟ್‌ನ ಎಚ್‌ಡಿ-ಎಸ್‌ಡಿಐ ನಡೆಯುತ್ತದೆ. 1080ಪಿ50ಕ್ಕೆ ಅದರ ಎರಡರಷ್ಟು, 2.97 ಗಿಗಾಬಿಟ್‌ನ ತ್ರೀಜಿ-ಎಸ್‌ಡಿಐ ಬೇಕು. 25ರಲ್ಲಿ ಚೆನ್ನಾಗಿ ಬರುತ್ತಿದ್ದ ಉದ್ದದ ಕೇಬಲ್ 50ಕ್ಕೆ ಹಾಕಿದ ಕೂಡಲೇ ಸತ್ತಂತಾಗುವುದು ಇದಕ್ಕೇ. ತ್ರೀಜಿಯಲ್ಲಿ ಲೆವೆಲ್ ಎ, ಲೆವೆಲ್ ಬಿ ಎಂದು ಜೋಡಿಸುವ ರೀತಿ ಎರಡಿವೆ. ಕೇಬಲ್ ಸರಿಯಿದ್ದೂ ಚಿತ್ರ ಬಾರದಿದ್ದರೆ ಕನ್ವರ್ಟರಿನಲ್ಲಿ ಎಯಿಂದ ಬಿಗೆ ಅಥವಾ ಬಿಯಿಂದ ಎಗೆ ಬದಲಿಸಿ ನೋಡಿ.

ಕೇಬಲ್ 75 ಓಮ್‌ನದೇ ಆಗಬೇಕು. ಹಳೆಯ ವೈರ್‌ಲೆಸ್ ಸೆಟ್ಟಿನ 50 ಓಮ್ ಕೇಬಲಿಗೂ ಬಿಎನ್‌ಸಿ ಇರುತ್ತದೆ, ನೋಡಲು ಹಾಗೇ ಇರುತ್ತದೆ, ಸಿಗ್ನಲ್ ಮಾತ್ರ ಗೋಡೆಗೆ ಎಸೆದ ಚೆಂಡಿನ ಹಾಗೆ ಹಿಂದಕ್ಕೆ ಪುಟಿಯುತ್ತದೆ. ಸಿಸಿಟಿವಿ ಅಂಗಡಿಯಲ್ಲಿ ಸಿಗುವ ತ್ರೀ ಪ್ಲಸ್ ಒನ್ ಕೇಬಲ್ಲಂತೂ ಈ ಕೆಲಸಕ್ಕೆ ಬೇಡ. ಡಿಜಿಟಲ್ ಸಿಗ್ನಲ್ ಅನಲಾಗ್‌ನಂತೆ ಮೆಲ್ಲಗೆ ಮಸುಕಾಗುವುದಿಲ್ಲ. 60 ಮೀಟರಿಗೆ ಗಾಜಿನಂತೆ ಇದ್ದದ್ದು ಇನ್ನು ಸ್ವಲ್ಪ ಮುಂದೆ ಹೋದರೆ ಮಿಂಚಿನ ಚುಕ್ಕಿ, ಇನ್ನೂ ಸ್ವಲ್ಪ ಮುಂದಕ್ಕೆ ಪೂರಾ ಕಪ್ಪು. ಹೀಗಾಗಿ ಮನೆಯಲ್ಲಿ 5 ಮೀಟರ್ ತುಂಡಿನಲ್ಲಿ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಬಳಸುವ ಕೇಬಲ್ಲನ್ನೇ ಪೂರ್ತಿ ಬಿಚ್ಚಿ ನೋಡಿ.

ಈಗ ಕರೆಂಟು. ಸ್ವಿಚರ್ ಜನರೇಟರ್ ಮೇಲೆ, ದೂರದ ಕ್ಯಾಮೆರಾ ಪಕ್ಕದ ಮನೆಯ ಪ್ಲಗ್ಗಿನಲ್ಲಿ, ಹೀಗೆ ಮಾಡಬೇಡಿ. ಎರಡರ ಅರ್ಥಿಂಗ್ ಬೇರೆಯಾದರೆ ಆ ವೋಲ್ಟೇಜಿನ ವ್ಯತ್ಯಾಸ ಕೇಬಲಿನ ಹೊರಜಾಲರಿಯ ಮೂಲಕ ಹರಿಯುತ್ತದೆ. ಅದೃಷ್ಟ ಇದ್ದರೆ ಸ್ಪೀಕರಿನಲ್ಲಿ ಗುಂಯ್ ಸದ್ದು, ಇಲ್ಲದಿದ್ದರೆ ಎಚ್‌ಡಿಎಂಐ ಪೋರ್ಟ್ ಸುಟ್ಟಿರುತ್ತದೆ. ಎಲ್ಲವನ್ನೂ ಒಂದೇ ಯುಪಿಎಸ್ಸಿಗೆ, ಒಂದೇ ಫೇಸಿಗೆ ತನ್ನಿ. ದೂರದ ಕ್ಯಾಮೆರಾ ಬ್ಯಾಟರಿ ಮೇಲೇ ಇರಲಿ. ಮೊದಲು ವಿಡಿಯೊ ಕೇಬಲ್ ಜೋಡಿಸಿ, ಆಮೇಲೆ ಕರೆಂಟು ಕೊಡಿ.

ಬೇಸಿಗೆಯಲ್ಲಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸತಲ್ಲ. ಪುಟ್ಟ ಸ್ವಿಚರ್, ಕ್ಯಾಪ್ಚರ್ ಡಬ್ಬಿಗಳನ್ನು (ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿಗೆ ಕೊಡುವ ಡಬ್ಬಿ) ಒಂದರ ಮೇಲೊಂದು ಪೇರಿಸಿ ಮೇಲೆ ಟವೆಲ್ ಹೊದಿಸಬೇಡಿ. ಧೂಳಿಗೆ ಹೆದರಿ ಮುಚ್ಚಿದ್ದೇ ಅವಕ್ಕೆ ಮುಳುವಾಗುತ್ತದೆ.

3. ಇನ್‌ಪುಟ್ ಒಂದೊಂದಾಗಿ

ನಾಲ್ಕನ್ನೂ ಒಟ್ಟಿಗೆ ಚುಚ್ಚಬೇಡಿ. ಒಂದನ್ನು ಜೋಡಿಸಿ, ಚಿತ್ರ ಬಂದಮೇಲೆ ಇನ್ನೊಂದು.

ಕ್ಯಾಮೆರಾದಲ್ಲಿ ಮೊದಲು ಎಚ್‌ಡಿಎಂಐ ಇನ್ಫೋ ಡಿಸ್‌ಪ್ಲೇ ಆಫ್ ಮಾಡಿ. ಇಲ್ಲದಿದ್ದರೆ ಬ್ಯಾಟರಿ ಗುರುತು, ಫೋಕಸ್ ಚೌಕ ಎಲ್ಲ ಲೈವ್‌ನಲ್ಲಿ ಕಾಣುತ್ತವೆ. ಆಟೊ ಪವರ್ ಆಫ್ ತೆಗೆಯಿರಿ. ಎಚ್‌ಡಿಎಂಐ ರೆಸಲ್ಯೂಷನ್ ಆಟೊದಲ್ಲಿ ಬಿಡದೆ 1080 ಎಂದು ಕಟ್ಟಿಹಾಕಿ. ಆಟೊದಲ್ಲಿದ್ದರೆ ರೆಕಾರ್ಡ್ ಒತ್ತಿದಾಗ ಕೆಲವು ಕ್ಯಾಮೆರಾ ಔಟ್‌ಪುಟ್ ಬದಲಿಸಿ ಎರಡು ಸೆಕೆಂಡ್ ಕಪ್ಪು ತೋರಿಸುತ್ತವೆ, ಅದೂ ತಾಳಿ ಕಟ್ಟುವ ಹೊತ್ತಿಗೇ.

ಕಂಪ್ಯೂಟರಿಗೆ ಯುಎಸ್‌ಬಿ ಕ್ಯಾಪ್ಚರ್ ಹಾಕುವವರು ಈ ಲೆಕ್ಕ ನೋಡಿ. 1920 × 1080 ಚುಕ್ಕಿ, ಚುಕ್ಕಿಗೆ 2 ಬೈಟ್, ಸೆಕೆಂಡಿಗೆ 25 ಫ್ರೇಮ್. ಗುಣಿಸಿದರೆ ಸುಮಾರು 104 ಮೆಗಾಬೈಟ್, ಅಂದರೆ 830 ಮೆಗಾಬಿಟ್. ಯುಎಸ್‌ಬಿ 2.0 ದಾರಿ ಇರುವುದೇ 480 ಮೆಗಾಬಿಟ್. ಅಗ್ಗದ ಡಾಂಗಲ್‌ಗಳು ಚಿತ್ರವನ್ನು ಹಿಂಡಿ ಕಳಿಸಿ ಸರಿದೂಗಿಸುತ್ತವೆ, ಆ ಹಿಂಡುವಿಕೆಯಲ್ಲಿ ಬಣ್ಣವೂ ಸಮಯವೂ ಕೆಡುತ್ತವೆ. ಯುಎಸ್‌ಬಿ 3 ತೆಗೆದುಕೊಳ್ಳಿ. ಎರಡು ಕ್ಯಾಪ್ಚರ್ ಇದ್ದರೆ ಒಂದೇ ಹಬ್ಬಿಗೆ ಹಾಕದೆ ಕಂಪ್ಯೂಟರಿನ ಬೇರೆ ಬೇರೆ ಪೋರ್ಟಿಗೆ ಹಾಕಿ.

ವಿಮಿಕ್ಸ್‌ನಲ್ಲಿ ಕ್ಯಾಮೆರಾ ಸೇರಿಸುವಾಗ ರೆಸಲ್ಯೂಷನ್, ಫ್ರೇಮ್ ರೇಟ್, ಇಂಟರ್‌ಲೇಸ್ ಎಂಬ ಮೂರನ್ನು ಕೇಳುತ್ತದೆ. ಕ್ಯಾಮೆರಾ ಕಳಿಸುತ್ತಿರುವುದಕ್ಕೆ ಅವು ತಾಳೆಯಾಗಬೇಕು, ನಮಗೆ ಇಷ್ಟವಾದದ್ದನ್ನು ಆರಿಸುವ ಜಾಗ ಅದಲ್ಲ. ಕಪ್ಪು ಪರದೆಯ ದೂರುಗಳಲ್ಲಿ ಬಹಳಷ್ಟು ಇಲ್ಲೇ ಮುಗಿಯುತ್ತವೆ.

ಲ್ಯಾಪ್‌ಟಾಪ್ ಅಥವಾ ಸೆಟ್‌ಟಾಪ್ ಬಾಕ್ಸ್ ಹಾಕಿದಾಗ ಮಾತ್ರ ಕಪ್ಪಾಗುತ್ತಿದೆಯೇ? ಅದು ಎಚ್‌ಡಿಸಿಪಿ, ಅಂದರೆ ನಕಲು ತಡೆಯುವ ಬೀಗ. ಸ್ವಿಚರ್‌ಗಳು ಅದನ್ನು ತೋರಿಸುವುದಿಲ್ಲ. ಪ್ರೆಸೆಂಟೇಷನ್ನಿಗೆ ಬೇರೆ ಲ್ಯಾಪ್‌ಟಾಪ್ ಇಟ್ಟುಕೊಳ್ಳಿ.

ಹೆಸರಿಡುವುದನ್ನು ಬಿಡಬೇಡಿ. “ಕ್ಯಾಮ್ 3” ಎಂದರೆ ನಡುರಾತ್ರಿ ಯಾರಿಗೂ ನೆನಪಿರುವುದಿಲ್ಲ. “3 ಹಿಮ್ಮೇಳ”, “4 ಜನ” ಎಂದು ಬರೆಯಿರಿ. ಕೇಬಲಿನ ಎರಡೂ ತುದಿಗೆ ಅದೇ ಅಂಕೆಯ ಟೇಪು. ಸ್ವಿಚರ್ ಬಟನ್, ಸಾಫ್ಟ್‌ವೇರ್ ಇನ್‌ಪುಟ್, ಕ್ಯಾಮೆರಾದವನ ಇಯರ್‌ಫೋನಿಗೆ ಕೂಗುವ ಅಂಕೆ, ಮೂರೂ ಒಂದೇ ಆಗಿರಲಿ.

4. ನೆಟ್‌ವರ್ಕ್ ಮೂಲಕ ಬರುವ ಕ್ಯಾಮೆರಾ

ಎನ್‌ಡಿಐ ಎಂದರೆ ಲ್ಯಾನ್ ಕೇಬಲಿನ ಮೇಲೆ ವಿಡಿಯೊ ಕಳಿಸುವ ರೀತಿ. ಪೂರ್ಣ ಎನ್‌ಡಿಐನ ಒಂದು 1080ಪಿ50 ಚಿತ್ರಕ್ಕೆ 100 ಮೆಗಾಬಿಟ್ಟಿಗಿಂತ ಹೆಚ್ಚು ಬೇಕು. ಆದ್ದರಿಂದ ಹಳೆಯ 100 ಮೆಗಾಬಿಟ್ ಸ್ವಿಚ್ಚಿನಲ್ಲಿ ಒಂದೂ ಸರಿಯಾಗಿ ಓಡುವುದಿಲ್ಲ. ಗಿಗಾಬಿಟ್ ಸ್ವಿಚ್ಚಿನಲ್ಲಿ ಒಂದು ಕಂಪ್ಯೂಟರಿಗೆ ನಾಲ್ಕೈದು ಸಾಕು. ಲ್ಯಾನ್ ಕೇಬಲ್ 100 ಮೀಟರ್ ಒಳಗಿರಲಿ. ವೈಫೈ ನೆಚ್ಚಿಕೊಳ್ಳಬೇಡಿ: ಜನ ಸೇರುವ ಮೊದಲು ಓಡಿದ್ದು ಸಾವಿರ ಮೊಬೈಲ್ ಬಂದು ನಿಂತಮೇಲೆ ಓಡುವುದಿಲ್ಲ.

ಕ್ಯಾಮೆರಾ ಪಟ್ಟಿಯಲ್ಲೇ ಕಾಣದಿದ್ದರೆ ವಿಂಡೋಸ್ ಆ ನೆಟ್‌ವರ್ಕನ್ನು ಪಬ್ಲಿಕ್ ಎಂದು ಗುರುತಿಸಿರಬಹುದು. ಪ್ರೈವೇಟ್ ಮಾಡಿ, ಫೈರ್‌ವಾಲ್‌ನಲ್ಲಿ ಸಾಫ್ಟ್‌ವೇರಿಗೆ ಅನುಮತಿ ಕೊಡಿ.

ದೂರದ ಊರಿಂದ ಇಂಟರ್‌ನೆಟ್ ಮೂಲಕ ಬರುವ ಚಿತ್ರಕ್ಕೆ ಎಸ್‌ಆರ್‌ಟಿ ಬಳಸಿ. ಇದರಲ್ಲಿ ಕಾಯುವ ಸಮಯವನ್ನು ನಾವೇ ಹಾಕಬೇಕು, ಬಿಟ್ಟರೆ 120 ಮಿಲಿಸೆಕೆಂಡ್ ಇರುತ್ತದೆ. ಪಿಂಗ್ ಸಮಯದ, ಅಂದರೆ ಡೇಟಾ ಆ ತುದಿಗೆ ಹೋಗಿ ಬರುವ ಸಮಯದ ನಾಲ್ಕರಷ್ಟು ಇಡುವುದು ರೂಢಿ. ಪಿಂಗ್ 80 ಬಂದರೆ 320. ಮೊಬೈಲ್ ಡೇಟಾ ಮೇಲಾದರೆ ಇನ್ನೂ ಧಾರಾಳವಾಗಿ 1000 ಇಟ್ಟುಬಿಡಿ. ತಡವಾದರೂ ಕಡಿಯದೆ ಬರುವುದು ಮುಖ್ಯ.

5. ತುಟಿಗೂ ಮಾತಿಗೂ ಹೊಂದಿಕೆ

ಮಿಕ್ಸರ್‌ನಿಂದ ಆಡಿಯೊ ತಕ್ಷಣ ಬರುತ್ತದೆ, ಚಿತ್ರ ಕ್ಯಾಮೆರಾ, ಕನ್ವರ್ಟರ್, ಕ್ಯಾಪ್ಚರ್ ದಾಟಿ ತಡವಾಗಿ ಬರುತ್ತದೆ. ಆದ್ದರಿಂದ ಆಡಿಯೊವನ್ನು ತಡೆದು ನಿಲ್ಲಿಸಬೇಕು.

ವೇದಿಕೆಯ ಮೈಕ್ ಮುಂದೆ ಒಬ್ಬರು ಚಪ್ಪಾಳೆ ತಟ್ಟಲಿ, ಅರ್ಧ ನಿಮಿಷ ರೆಕಾರ್ಡ್ ಮಾಡಿ. ಫೈಲ್ ತೆರೆದು ಸದ್ದು ಕೇಳಿದ ಫ್ರೇಮಿಗೂ ಕೈ ಕೂಡಿದ ಫ್ರೇಮಿಗೂ ನಡುವೆ ಎಷ್ಟು ಫ್ರೇಮ್ ಎಂದು ಎಣಿಸಿ. 25ರಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್, 50ರಲ್ಲಿ 20. ಚಿತ್ರ ಮೂರು ಫ್ರೇಮ್ ಹಿಂದಿದ್ದರೆ 25ರಲ್ಲಿ 120 ಮಿಲಿಸೆಕೆಂಡ್. ಒಬಿಎಸ್‌ನಲ್ಲಿ ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್ ತೆರೆದು ಸಿಂಕ್ ಆಫ್‌ಸೆಟ್‌ನಲ್ಲಿ 120 ಎಂದು ಹಾಕಿ. ವಿಮಿಕ್ಸ್‌ನಲ್ಲಿ ಆಡಿಯೊ ಡಿಲೇ ಎಂದಿರುತ್ತದೆ. ಮತ್ತೆ ಚಪ್ಪಾಳೆ, ಮತ್ತೆ ಎಣಿಕೆ.

ಈ ಪರೀಕ್ಷೆಯನ್ನು ನಾಲ್ಕೂ ಕ್ಯಾಮೆರಾಕ್ಕೆ ಮಾಡಿ. ಒಂದು 2 ಫ್ರೇಮ್, ಇನ್ನೊಂದು 6 ಫ್ರೇಮ್ ತಡವಾದರೆ ಆಡಿಯೊ ಒಂದನ್ನೇ ಹಿಡಿದು ಎರಡಕ್ಕೂ ಹೊಂದಿಸಲಾಗದು. ಬೇಗ ಬರುವ ಕ್ಯಾಮೆರಾವನ್ನು 4 ಫ್ರೇಮ್ ತಡಮಾಡಿ, ಆಮೇಲೆ ಆಡಿಯೊವನ್ನು 6 ಫ್ರೇಮಿಗೆ ಇಡಿ. ಒಬಿಎಸ್‌ನಲ್ಲಿ ಇದಕ್ಕೆ ವಿಡಿಯೊ ಡಿಲೇ ಫಿಲ್ಟರ್ ಇದೆ. ಮುಖ ಹತ್ತಿರ ಕಾಣದ, ಜನರನ್ನು ತೋರಿಸುವ ಕ್ಯಾಮೆರಾಕ್ಕೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಕ್ಯಾಮೆರಾದ ಸ್ವಂತ ಮೈಕ್ ಲೈವ್‌ಗೆ ಬೇಡ. ಸದ್ದು 34 ಮೀಟರ್ ಸಾಗಲು ಹತ್ತಿರ ಹತ್ತಿರ 100 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಪೆಂಡಾಲಿನ ಹಿಂದೆ ನಿಂತ ಕ್ಯಾಮೆರಾದ ಮೈಕ್ ತೆರೆದರೆ ಪ್ರವಚನಕ್ಕೆ ಬಾವಿಯೊಳಗಿನ ಪ್ರತಿಧ್ವನಿ ಬರುತ್ತದೆ.

6. ಟೈಮ್‌ಕೋಡ್

ಟೈಮ್‌ಕೋಡ್ ಎಂದರೆ ಪ್ರತಿ ಫ್ರೇಮಿಗೂ ಅಂಟಿಸಿದ ಚೀಟಿ. ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್: 21:14:07:18. 25ರ ಲೆಕ್ಕದಲ್ಲಿ ಕೊನೆಯ ಅಂಕೆ 00ಯಿಂದ 24ರವರೆಗೆ ಹೋಗಿ ಮತ್ತೆ 00. 50ರಲ್ಲಿ ಚಿತ್ರೀಕರಿಸಿದರೂ ಆಡಿಯೊ ರೂಪದ ಟೈಮ್‌ಕೋಡ್ (ಕೆಳಗೆ ಬರುವ ಎಲ್‌ಟಿಸಿ) 25ರಲ್ಲೇ ಎಣಿಸುತ್ತದೆ, ಎರಡು ಫ್ರೇಮಿಗೆ ಒಂದೇ ಅಂಕೆ. ಗಾಬರಿಯಾಗಬೇಡಿ.

ಚೀಟಿ ಅಂಟಿಸಿದ ಮಾತ್ರಕ್ಕೆ ಲೈವ್‌ನಲ್ಲಿ ಕ್ಯಾಮೆರಾಗಳು ಹೊಂದಿಕೊಳ್ಳುವುದಿಲ್ಲ. ಎಲ್ಲ ಕ್ಯಾಮೆರಾ ಒಂದೇ ಕ್ಷಣದಲ್ಲಿ ಫ್ರೇಮ್ ಶುರು ಮಾಡುವಂತೆ ಮಾಡುವುದು ಜೆನ್‌ಲಾಕ್, ಅದು ಬೇರೆ ಲೈನು. ಚಿಕ್ಕ ಸ್ವಿಚರ್‌ಗಳಲ್ಲಿ ಪ್ರತಿ ಇನ್‌ಪುಟ್‌ಗೂ ಫ್ರೇಮನ್ನು ಹಿಡಿದಿಟ್ಟು ಹೊಂದಿಸುವ ಫ್ರೇಮ್ ಸಿಂಕ್ರೊನೈಸರ್ ಇರುವುದರಿಂದ ಜೆನ್‌ಲಾಕ್ ಇಲ್ಲದೆ ಕೆಲಸ ನಡೆಯುತ್ತದೆ. ಟೈಮ್‌ಕೋಡ್ ಕೈಹಿಡಿಯುವುದು ಮರುದಿನ, ಎಡಿಟಿಂಗ್ ಟೇಬಲಿನಲ್ಲಿ.

ಕ್ಯಾಮೆರಾದ ಮೆನುವಿನಲ್ಲಿ ಮೊದಲು ರೆಕ್ ರನ್ ಬಿಟ್ಟು ಫ್ರೀ ರನ್ ಮಾಡಿ. ರೆಕ್ ರನ್ ರೆಕಾರ್ಡ್ ಆಗುವಾಗ ಮಾತ್ರ ಎಣಿಸುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಒಬ್ಬ ಕಾರ್ಡ್ ಬದಲಿಸಲು ಎರಡು ನಿಮಿಷ ನಿಂತರೂ ಅಲ್ಲಿಂದ ಮುಂದೆ ಅವನ ಲೆಕ್ಕವೇ ಬೇರೆ. ಫ್ರೀ ರನ್ ಗಡಿಯಾರದಂತೆ ಓಡುತ್ತಲೇ ಇರುತ್ತದೆ.

ಡಿಎಫ್, ಎನ್‌ಡಿಎಫ್ ಎಂಬ ಆಯ್ಕೆ ಕಂಡರೆ ಎಚ್ಚರ. ಡಿಎಫ್ ಎಂದರೆ ಡ್ರಾಪ್ ಫ್ರೇಮ್, 29.97ರ ಎಣಿಕೆಯನ್ನು ನಿಜ ಗಡಿಯಾರಕ್ಕೆ ಸರಿಹೊಂದಿಸಲು ಗಂಟೆಗೆ 108 ಅಂಕೆಗಳನ್ನು ಹಾರಿಸುವ ಉಪಾಯ. ಫ್ರೇಮ್ ಬೀಳುವುದಿಲ್ಲ, ಅಂಕೆ ಮಾತ್ರ ಹಾರುತ್ತದೆ. 25ರಲ್ಲಿ ಇದರ ಅಗತ್ಯವೇ ಇಲ್ಲ. ಪರದೆಯ ಮೇಲೆ ಕೊನೆಯ ಎರಡಂಕಿಯ ಮುಂದೆ : ಬದಲು ; ಕಂಡರೆ ಆ ಕ್ಯಾಮೆರಾ ಇನ್ನೂ ಎನ್‌ಟಿಎಸ್‌ಸಿಯಲ್ಲಿದೆ ಎಂದೇ ತಿಳಿದು ಒಂದನೇ ಹಂತಕ್ಕೆ ಹಿಂತಿರುಗಿ.

ಮುಂದಿನದು ಗಡಿಯಾರ. ಕಂಪ್ಯೂಟರಿನ ಸಮಯವನ್ನು ಇಂಟರ್‌ನೆಟ್ಟಿನಿಂದ ಕೈಯಾರೆ ಸಿಂಕ್ ಮಾಡಿ, ವಿಂಡೋಸ್ ತಾನಾಗಿಯೇ ಆಗಾಗ ಮಾಡಿಕೊಂಡಿರುತ್ತದೆಂದು ನಂಬಬೇಡಿ. ಸ್ವಿಚರ್‌ನಲ್ಲಿ ಟೈಮ್ ಆಫ್ ಡೇ, ಅಂದರೆ ಗಡಿಯಾರದ ಸಮಯವನ್ನೇ ಟೈಮ್‌ಕೋಡ್ ಮಾಡುವ ಆಯ್ಕೆ ಇದ್ದರೆ ಅದನ್ನು ಹಾಕಿ. ಎಲ್ಲ ಉಪಕರಣಗಳ ಟೈಮ್‌ಝೋನ್ ನೋಡಿ. ಮರುದಿನ ಒಂದು ಫೈಲ್ ಮಾತ್ರ ಸರಿಯಾಗಿ 05:30:00 ಹಿಂದೆ ಕಂಡರೆ ಯಂತ್ರ ಕೆಟ್ಟಿಲ್ಲ. ಅದು ಭಾರತೀಯ ಸಮಯದ ಬದಲು ಯುಟಿಸಿಯಲ್ಲಿ ಓಡಿದೆ. ಐದೂವರೆ ಗಂಟೆ ಸೇರಿಸಿಬಿಡಿ.

ಬಯಲಾಟ ಮಾಡುವವರು ಇದನ್ನು ನಿಧಾನವಾಗಿ ಓದಿ. ರಾತ್ರಿ ಹತ್ತಕ್ಕೆ ಶುರುವಾದ ಆಟ ಬೆಳಗಿನ ಜಾವ ಐದಕ್ಕೆ ಮುಗಿಯುತ್ತದೆ. ಟೈಮ್ ಆಫ್ ಡೇ ಇಟ್ಟರೆ ನಡುರಾತ್ರಿ 23:59:59:24 ಆದಮೇಲೆ 00:00:00:00. ಎಡಿಟಿಂಗ್ ಸಾಫ್ಟ್‌ವೇರಿಗೆ ಅದು ಮರುದಿನ ಎಂದು ಗೊತ್ತಾಗುವುದಿಲ್ಲ. ಎರಡು ಗಂಟೆ ರಾತ್ರಿಯ ಯುದ್ಧದ ಪ್ರಸಂಗ ಹತ್ತು ಗಂಟೆಯ ಗಣಪತಿ ಪೂಜೆಗಿಂತ ಮೊದಲು ಹೋಗಿ ಕೂರುತ್ತದೆ. ಉಪಾಯ ಸುಲಭ: ಗಡಿಯಾರದಿಂದ 12 ಗಂಟೆ ಕಳೆಯಿರಿ. ರಾತ್ರಿ 10ಕ್ಕೆ ಟೈಮ್‌ಕೋಡ್ 10:00:00:00, ಬೆಳಗಿನ 5ಕ್ಕೆ 17:00:00:00. ಎಲ್ಲೂ ಸೊನ್ನೆ ದಾಟುವುದಿಲ್ಲ, ಗಡಿಯಾರ ನೋಡಿ ಲೆಕ್ಕ ಹಾಕುವುದೂ ಕಷ್ಟವಲ್ಲ. ಇದಕ್ಕೆ ಟೈಮ್ ಆಫ್ ಡೇ ಬಿಟ್ಟು ಫ್ರೀ ರನ್‌ನಲ್ಲಿ ಅಂಕೆಯನ್ನು ಕೈಯಾರೆ ಹಾಕಬೇಕು.

ಕ್ಯಾಮೆರಾಗಳಿಗೆ ಟೈಮ್‌ಕೋಡ್ ಹಂಚಲು ಎರಡು ದಾರಿ. ಟಿಸಿ ಇನ್ (ಟೈಮ್‌ಕೋಡ್ ತೆಗೆದುಕೊಳ್ಳುವ ಪೋರ್ಟ್) ಇರುವ ಕ್ಯಾಮೆರಾಗಳಿಗೆ ಪುಟ್ಟ ಟೈಮ್‌ಕೋಡ್ ಡಬ್ಬಿಯಿಂದ ನೇರವಾಗಿ ಕೊಡಿ. ಒಮ್ಮೆ ಕೊಟ್ಟು ತೆಗೆಯುವುದಕ್ಕೆ ಜ್ಯಾಮ್ ಸಿಂಕ್ ಎನ್ನುತ್ತಾರೆ. ಆಮೇಲೆ ಕ್ಯಾಮೆರಾ ತನ್ನದೇ ಗಡಿಯಾರದಲ್ಲಿ ಓಡುತ್ತದೆ, ಮೆಲ್ಲಗೆ ಜಾರುತ್ತದೆ. ಗಡಿಯಾರದ ತಪ್ಪು ಹತ್ತು ಲಕ್ಷಕ್ಕೆ 10 ಇದ್ದರೆ 8 ಗಂಟೆಗೆ 0.288 ಸೆಕೆಂಡ್, ಅಂದರೆ ಏಳು ಫ್ರೇಮ್. ಆದ್ದರಿಂದ ಡಬ್ಬಿಯನ್ನು ಕ್ಯಾಮೆರಾಕ್ಕೆ ಕಟ್ಟಿಯೇ ಬಿಡಿ. ಆಗದಿದ್ದರೆ ಮೂರು ಗಂಟೆಗೊಮ್ಮೆ, ಬ್ಯಾಟರಿ ಬದಲಿಸಿದಾಗಲೆಲ್ಲ ಮತ್ತೆ ಜ್ಯಾಮ್ ಮಾಡಿ.

ಟಿಸಿ ಇನ್ ಇಲ್ಲದ ಡಿಎಸ್‌ಎಲ್‌ಆರ್, ಮಿರರ್‌ಲೆಸ್‌ಗೆ ಎಲ್‌ಟಿಸಿ. ಇದು ಟೈಮ್‌ಕೋಡನ್ನೇ ಸದ್ದಾಗಿ ಮಾಡಿ ಮೈಕ್ ಇನ್‌ಪುಟ್‌ಗೆ ಕೊಡುವ ರೀತಿ. ಎಡ ಚಾನೆಲ್‌ಗೆ ಎಲ್‌ಟಿಸಿ, ಬಲಕ್ಕೆ ಮಾಮೂಲಿ ಸದ್ದು. ಆಟೊ ಗೇನ್, ವಿಂಡ್ ಕಟ್ ಆಫ್ ಮಾಡಿ. ಡಬ್ಬಿಯ ಔಟ್‌ಪುಟ್ ಮೈಕ್ ಲೆವೆಲ್ಲಿಗೆ ಇಳಿಸಿ. ಜೋರಾಗಿ ಕೊಟ್ಟರೆ ಸಿಗ್ನಲ್ ಚಪ್ಪಟೆಯಾಗಿ ಪಕ್ಕದ ಚಾನೆಲ್ಲಿಗೂ ಸೋರುತ್ತದೆ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕ್ಲಿಪ್ ಆರಿಸಿ ‘ಅಪ್‌ಡೇಟ್ ಟೈಮ್‌ಕೋಡ್ ಫ್ರಮ್ ಆಡಿಯೊ ಟ್ರ್ಯಾಕ್’ ಕೊಟ್ಟರೆ ಆ ಸದ್ದನ್ನು ಓದಿ ಅಂಕೆ ಹಚ್ಚುತ್ತದೆ.

ಆ ಕ್ಯಾಮೆರಾದ ಎಚ್‌ಡಿಎಂಐ ಸ್ವಿಚರ್‌ಗೂ ಹೋಗುತ್ತಿರುತ್ತದೆ, ಅದರೊಳಗೆ ಎಲ್‌ಟಿಸಿಯೂ ಇರುತ್ತದೆ. ಸ್ವಿಚರ್‌ನ ಆಡಿಯೊದಲ್ಲಿ ಆ ಇನ್‌ಪುಟ್ ಪೂರ್ತಿ ಆಫ್ ಇರಲಿ. ‘ಆಡಿಯೊ ಫಾಲೋಸ್ ವಿಡಿಯೊ’ ಹಾಗೇ ಬಿಟ್ಟರೆ ಆ ಕ್ಯಾಮೆರಾಕ್ಕೆ ಕಟ್ ಮಾಡಿದ ಕ್ಷಣ ಕಿರ್ರೆನ್ನುವ ಸದ್ದು ನೋಡುವವರ ಕಿವಿ ಕೊರೆಯುತ್ತದೆ.

ಡಬ್ಬಿಗೆ ದುಡ್ಡಿಲ್ಲವೇ? ಒಂದು ಮೊಬೈಲಿನಲ್ಲಿ ಸೆಕೆಂಡ್ ಕಾಣುವ ಗಡಿಯಾರ ತೆರೆದು, ನಾಲ್ಕೂ ಕ್ಯಾಮೆರಾ ರೆಕಾರ್ಡಿನಲ್ಲಿರುವಾಗ ಪ್ರತಿಯೊಂದಕ್ಕೂ ಐದು ಸೆಕೆಂಡ್ ತೋರಿಸಿ, ಕೊನೆಗೆ ನಾಲ್ಕಕ್ಕೂ ಕಾಣುವಂತೆ ಒಂದು ಚಪ್ಪಾಳೆ. ಪ್ರತಿ ಕಾರ್ಡ್ ಬದಲಾದಾಗ ಮತ್ತೆ ಅದೇ. ಹಳೆಯ ಪದ್ಧತಿ, ಆದರೆ ಕೈ ಬಿಡುವುದಿಲ್ಲ.

7. ರೆಕಾರ್ಡಿಂಗ್

ಪ್ರೋಗ್ರಾಂ, ಅಂದರೆ ಲೈವ್‌ಗೆ ಹೋಗುವ ಚಿತ್ರದ ಜೊತೆಗೆ ಪ್ರತಿ ಇನ್‌ಪುಟ್ಟನ್ನೂ ಬೇರೆ ಫೈಲಾಗಿ ಹಿಡಿಯುವುದಕ್ಕೆ ಐಎಸ್‌ಒ ರೆಕಾರ್ಡಿಂಗ್ ಎನ್ನುತ್ತಾರೆ. ಬ್ಲ್ಯಾಕ್‌ಮ್ಯಾಜಿಕ್‌ನ ಎಟೆಮ್ ಮಿನಿ ಪ್ರೊ ಐಎಸ್‌ಒದಲ್ಲಿ ಇದು ಒಳಗೇ ಇದೆ. ವಿಮಿಕ್ಸ್‌ನ ಮೇಲ್ದರ್ಜೆಯ ಆವೃತ್ತಿಗಳಲ್ಲಿ ಮಲ್ಟಿಕಾರ್ಡರ್ ಎಂಬ ಹೆಸರಿನಲ್ಲಿದೆ. ಒಬಿಎಸ್‌ಗೆ ಪ್ಲಗಿನ್ ಬೇಕು.

ಜಾಗದ ಲೆಕ್ಕ: ಒಂದು ಫೈಲ್ ಸೆಕೆಂಡಿಗೆ 50 ಮೆಗಾಬಿಟ್ ಎಂದರೆ ಗಂಟೆಗೆ 22.5 ಜಿಬಿ. ನಾಲ್ಕು ಇನ್‌ಪುಟ್, ಒಂದು ಪ್ರೋಗ್ರಾಂ ಸೇರಿ ಗಂಟೆಗೆ 112.5 ಜಿಬಿ. ಏಳು ಗಂಟೆಯ ಆಟಕ್ಕೆ 790 ಜಿಬಿ ಹತ್ತಿರ. 1 ಟಿಬಿ ಎಸ್‌ಎಸ್‌ಡಿ ಬೇಕು, ಅದೂ ಖಾಲಿಯದು. ಪೆನ್‌ಡ್ರೈವ್ ಬೇಡ. ಡಿಸ್ಕಿನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಆಗಿರಲಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ಈ ವೇಗದಲ್ಲಿ ಅದು ಹನ್ನೊಂದು ನಿಮಿಷಕ್ಕೇ ತುಂಬುತ್ತದೆ. ಒಬಿಎಸ್‌ನಲ್ಲಿ ರೆಕಾರ್ಡಿಂಗ್ ಫೈಲಿನ ಫಾರ್ಮ್ಯಾಟ್ ಎಂಕೆವಿ ಇಡಿ. ನಡುವೆ ಕರೆಂಟು ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ. ಮಾಮೂಲಿ ಎಂಪಿ4 ಸರಿಯಾಗಿ ಮುಚ್ಚದಿದ್ದರೆ ತೆರೆಯುವುದೇ ಇಲ್ಲ.

ಕಾರ್ಯಕ್ರಮದ ದಿನ ಎರಡು ಗಂಟೆ ಮೊದಲೇ ಎಲ್ಲವನ್ನೂ ಜೋಡಿಸಿ ಹತ್ತು ನಿಮಿಷ ರೆಕಾರ್ಡ್ ಮಾಡಿ. ನಿಲ್ಲಿಸಿ, ಡಿಸ್ಕ್ ಬಿಚ್ಚಿ, ಬೇರೆ ಲ್ಯಾಪ್‌ಟಾಪಿನಲ್ಲಿ ಐದೂ ಫೈಲ್ ತೆರೆಯಿರಿ. ಒಂದೇ ಟೈಮ್‌ಕೋಡ್ ಅಂಕೆಗೆ ಐದನ್ನೂ ನಿಲ್ಲಿಸಿ, ಚಪ್ಪಾಳೆಯ ಕೈ ಐದರಲ್ಲೂ ಒಂದೇ ಸ್ಥಿತಿಯಲ್ಲಿದೆಯೇ ನೋಡಿ. ಒಂದು ಫ್ರೇಮ್ ಆಚೀಚೆ ಇದ್ದರೆ ಬಿಡಿ. ಮೂರು ನಾಲ್ಕು ಫ್ರೇಮ್ ವ್ಯತ್ಯಾಸ ಪ್ರತಿಸಲವೂ ಅಷ್ಟೇ ಬರುತ್ತಿದ್ದರೆ ಅದು ಆ ಇನ್‌ಪುಟ್ಟಿನ ತಡ, ಕಾಗದದಲ್ಲಿ ಬರೆದಿಟ್ಟುಕೊಂಡು ಎಡಿಟಿಂಗ್‌ನಲ್ಲಿ ಕಳೆಯಿರಿ. ವ್ಯತ್ಯಾಸ ಹೊತ್ತು ಹೋದಂತೆ ಬೆಳೆಯುತ್ತಿದ್ದರೆ ಆ ಕ್ಯಾಮೆರಾದ ಫ್ರೇಮ್ ರೇಟ್ ಮತ್ತೊಮ್ಮೆ ನೋಡಿ. ಮೊಬೈಲನ್ನು ಕ್ಯಾಮೆರಾ ಮಾಡಿಕೊಂಡಿದ್ದರೆ ಇದು ಬಂದೇ ಬರುತ್ತದೆ. ಮೊಬೈಲ್ ತನ್ನ ಫ್ರೇಮ್ ರೇಟನ್ನು ಬೆಳಕಿಗೆ ತಕ್ಕಂತೆ ಏರಿಳಿಸುತ್ತದೆ, ಅದನ್ನು 25ಕ್ಕೆ ಕಟ್ಟಿಹಾಕುವ ಆ್ಯಪ್ ಇಲ್ಲದೆ ನಾಲ್ಕನೇ ಕ್ಯಾಮೆರಾ ಎಂದು ಲೆಕ್ಕಕ್ಕೆ ಹಿಡಿಯಬೇಡಿ.